ಎರಡೂ ಕಡೆಯವಳು

ಉಪ್ಪು ನೋಡಿ ಎಂದು ಬಾವರ್ಚಿ ಸೌಟಿನ ತುದಿಯಿಂದ ಒಂದಿಷ್ಟು ಸಾರನ್ನು ಅಂಗೈಗೆ ಬಿಟ್ಟಾಗ ಖಾಸಿಂ ಅದನ್ನು ನೆಕ್ಕಿ, ಬಾಯಿ ಚಪ್ಪರಿಸಿ, ಸರಿಯಾಗಿದೆ ಅಂದ. ನಿಜವಾಗಿ ಅವನ ನಾಲಗೆಗೆ ಉಪ್ಪೂ ಹತ್ತಲಿಲ್ಲ, ಖಾರವೂ ಹತ್ತಲಿಲ್ಲ. ಬಿಸಿಯಾದದ್ದೇನೋ ಗಂಟಲಲ್ಲಿ ಇಳಿಯಿತು, ಅಷ್ಟೇ. ಒಬ್ಬಳೇ ಮಗಳ ನಿಕಾಹ್ ದಿನ ಅಪ್ಪನಾದವನಿಗೆ ಇಷ್ಟು ಗಾಬರಿ ಇರಬೇಕಾದ್ದೇ ಎಂದುಕೊಂಡು ಬಾವರ್ಚಿ ಹಲ್ಲು ಬಿಟ್ಟ. ಬಿಡಲಿ, ಅವನಿಗೇನು ಗೊತ್ತು! ಆಗಷ್ಟೇ ಶಾದಿ ಮಹಲಿನ ಗೇಟಿನ ಹತ್ತಿರ ಒಬ್ಬ ಹೆಂಗಸು ನಗುನಗುತ್ತಾ ಆಡಿದ ಮಾತು ಖಾಸಿಮನ ಹೊಟ್ಟೆಯೊಳಗೆ ಕೂತುಬಿಟ್ಟಿತ್ತು. ಅವಳು ಬೈದಿದ್ದರೆ ತಿರುಗಿ ಬೈಯಬಹುದಿತ್ತು, ಜಗಳಕ್ಕೆ ಬಂದಿದ್ದರೆ ನಾಲ್ಕು ಜನರನ್ನು ಸೇರಿಸಬಹುದಿತ್ತು. ಅವಳು ಹರಸಿದ್ದಳು. ಹರಸಿದ ಮಾತೇ ಹೀಗೆ ಕುತ್ತಿಗೆ ಹಿಡಿದರೆ ಮನುಷ್ಯ ಯಾರ ಮೇಲೆ ಸಿಟ್ಟಾಗಬೇಕು?

ಹೆಂಗಸು ಬೇರೆ ಯಾರೂ ಅಲ್ಲ, ದ್ಯಾವಮ್ಮ. ಸಂತೆಬಾಚಹಳ್ಳಿಯ ಆಲೆಮನೆ ನಂಜಪ್ಪನ ಹೆಂಡತಿ. ಹರೆಯದಲ್ಲಿ ಖಾಸಿಂ ಅವರ ಆಲೆಮನೆಗೆ ಕಬ್ಬಿನ ಲಾರಿ ಓಡಿಸುತ್ತಿದ್ದ, ಅವರ ಹಿತ್ತಲಿನ ಎರಡು ಅಂಕಣದ ಮನೆಯಲ್ಲೇ ಅವನ ಸಂಸಾರವಿತ್ತು. ಹೆಂಡತಿ ಫಕ್ರುನ್ನೀಸಾಳಿಗೆ ಬಾಣಂತನ ಮಾಡಲು ತವರಿನಲ್ಲಿ ತಾಯಿ ಇರಲಿಲ್ಲ. ಫರ್ಹತ್ ಹುಟ್ಟಿದ್ದು ಆ ಹಿತ್ತಲಮನೆಯಲ್ಲೇ. ಹೆತ್ತ ವಾರದಲ್ಲೇ ತಾಯಿಗೆ ಜ್ವರ ಏರಿತು, ಎದೆ ಬಾವು ಬಂದು ಕಲ್ಲಾಯಿತು. ಮಗು ಅತ್ತೂ ಅತ್ತೂ ದನಿಯೇ ಇಲ್ಲದಂತಾದಾಗ ದ್ಯಾವಮ್ಮ ಬಂದು, ಕೇಳದೆ ಗೀಳದೆ ಎತ್ತಿಕೊಂಡು ಸೆರಗಿನೊಳಗೆ ಹಾಕಿಕೊಂಡಿದ್ದಳು. ಅವಳ ಮಗ ಸಂತೋಷನೂ ಆಗ ಎಳೆಕೂಸು. ಆ ತೊಡೆಗೊಂದು ಈ ತೊಡೆಗೊಂದು ಮಲಗಿಸಿಕೊಂಡು, ಬಾಗಿಲಲ್ಲಿ ಮುಖ ತಿರುಗಿಸಿ ನಿಂತ ಖಾಸಿಮನಿಗೆ, "ಓಗಣ್ಣ, ಲಾರಿ ತಗಿ ಓಗು. ಇಲ್ಲೇನ್ ನಿಂತಿದ್ದೀಯೆ, ಒಟ್ಟೆ ತುಂಬ್ದ್ರೆ ನಿನ್ ಮಗಳು ನಿನ್ನೂ ಕೇಳಕಿಲ್ಲ," ಅಂದಿದ್ದಳು. ಆ ಋಣ ಹೊತ್ತುಕೊಂಡೇ ಖಾಸಿಂ ಇಪ್ಪತ್ತೈದು ವರ್ಷ ಬದುಕಿದ್ದ. ಕೆ.ಆರ್. ಪೇಟೆಗೆ ಬಂದು ಸ್ವಂತ ಲಾರಿ ಇಟ್ಟ ಮೇಲೂ ಅವಳ ಹೆಸರು ಬಂದರೆ ಎದ್ದು ಕೂರುತ್ತಿದ್ದ. ಮದುವೆಗೆ ಕರೆಯಲು ಅವನೇ ಖುದ್ದಾಗಿ ಹೋಗಿದ್ದ.

ಬೆಳಗಿನ ಬಸ್ಸಿಗೇ ಬಂದಿಳಿದವಳ ಎರಡೂ ಕೈಯಲ್ಲಿ ಎರಡು ಚೀಲ. ಒಂದೊಂದರಲ್ಲೂ ಅಚ್ಚುಬೆಲ್ಲ, ಒಂದೊಂದು ರವಿಕೆ ಕಣ, ತೆಂಗಿನಕಾಯಿ. ಖಾಸಿಂ ತಮಾಷೆಗೆ, "ಏನವ್ವ, ಬೆಲ್ಲದ ಅಂಗಡಿನೇ ತಂದ್ಬುಟ್ಟಿದ್ದೀಯಾ?" ಅಂದ.

"ಒಂದು ಎಣ್ಣಿನ ಕಡೀಕೆ, ಇನ್ನೊಂದು ಗಂಡಿನ ಕಡೀಕೆ ಕಣಣ್ಣ. ನಾನೀಗ ಎರಡೂ ಕಡೆಯೋಳು."

"ಗಂಡಿನ ಕಡೆಯೋರು ಶ್ರೀರಂಗಪಟ್ಣದೋರು. ನಿಂಗೆಂಗೆ ಗೊತ್ತು?"

"ಗೊತ್ತಾ ಅಂತೀಯಲ್ಲ! ಗಂಡಿನ ಅವ್ವ ಜೈತೂನಿ ನನ್ ತವರೂರೋಳು, ಬಿಂಡಿಗನವಿಲೆಯೋಳು. ನೀನು ಬಂದೋದ್ ಮೇಲೆ ಅವಳಣ್ಣನೇ ಬಂದು ಕರೆದ್ಬುಟ್ಟು ಓದ. ಚೊಚ್ಚಲು ಎರಿಗೇಗೆ ನಾನೂ ತವರಿಗೆ ಓಗಿದ್ದೆ, ಅವಳೂ ಬಂದಿದ್ಲು. ನಂದು ಎಂಟೇ ದಿನಕ್ಕೆ ಓಯ್ತು. ಎದೆ ತುಂಬಿ ಸಿಡೀತಾ ಇತ್ತು ಕಣಣ್ಣ, ಗ್ವಾಡೆಗೆ ತಲೆ ಚಚ್ಕತಿದ್ದೆ. ಆ ಕಡೆ ಮನೇಲಿ ಅವಳ ಮಗ ಆಲಿಲ್ದೆ ಅರಚ್ಕತಿತ್ತು. ನಮ್ಮವ್ವನೇ ಓಗಿ ಎತ್ಕಂಡು ಬಂದು ನನ್ ಮಡ್ಲಿಗಾಕಿದ್ಲು. ಮೂರು ತಿಂಗ್ಳು ಕುಡ್ದದೆ. ಅದೇ ಕೂಸು ಈ ಶೋಯಬ್ಬು! ಗಂಡೂ ನನ್ನೆದೆ ಆಲೇ ಕುಡ್ದಿದ್ದು, ಎಣ್ಣೂ ನನ್ನೆದೆ ಆಲೇ ಕುಡ್ದಿದ್ದು. ಎಲ್ಲಿಂದ ಎಲ್ಲಿಗೆ ಗಂಟಾಕ್ದ ನೋಡು ಆ ದ್ಯಾವ್ರು!"

ಖಾಸಿಂ ನಕ್ಕ. ಯಾಕೆ ನಕ್ಕನೋ ಅವನಿಗೇ ತಿಳಿಯದು, ಮುಖ ತಾನಾಗಿ ನಕ್ಕುಬಿಟ್ಟಿತು. ಆಮೇಲೆ ಅವಳ ಕೈಯಿಂದ ಚೀಲಗಳನ್ನು ಕಿತ್ತುಕೊಂಡಂತೆ ತೆಗೆದುಕೊಂಡು, ಮುಂಬಾಗಿಲು ಬಿಟ್ಟು ಪಕ್ಕದ ಓಣಿಯಿಂದ ಅಡಿಗೆಯ ಕಡೆಗೆ ಕರೆದುಕೊಂಡು ಹೋಗಿ, ಸಾಮಾನಿನ ಕೋಣೆಯಲ್ಲಿ ಕುರ್ಚಿ ಹಾಕಿದ. ಬಿಸಿಲು, ಇಲ್ಲೇ ತಂಪಾಗಿ ಕೂತಿರು, ಅಂದ. ಅವಳು ಕೂತಳು. ಇಷ್ಟೇ ನಡೆದದ್ದು. ಇಷ್ಟಾದ ಮೇಲೆ ಬಾವರ್ಚಿ ಉಪ್ಪು ನೋಡಿ ಎಂದು ಕರೆದಿದ್ದ.

ದೇಗುಗಳ ಕೆಳಗೆ ಸೌದೆ ಚಟಪಟ ಅನ್ನುತ್ತಿತ್ತು. ಹೊಗೆ ಕಣ್ಣಿಗೆ ಹೊಕ್ಕಿತೆಂದು ಖಾಸಿಂ ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡ. ಕಿಕ್ಕೇರಿಯ ಮನೆಯಲ್ಲಿ ದಾದಿ, ಅಂದರೆ ಅವನ ಅಪ್ಪನ ತಾಯಿ, ಮಂಚದ ಮೇಲೆ ಕೂತು ಎಲೆಅಡಿಕೆ ಕುಟ್ಟುತ್ತಾ ಒಂದು ಸಂಬಂಧವನ್ನು ಒಂದೇ ಮಾತಿಗೆ ಮುರಿದದ್ದು ಕಣ್ಣಿಗೆ ಕಟ್ಟಿತು. ಚಿಕ್ಕಪ್ಪನ ಮಗನಿಗೆ ಅತ್ತೆಯ ಮಗಳನ್ನು ತರುವುದೆಂದು ಮನೆಯವರೆಲ್ಲ ಬಾಯಿ ಸಿಹಿ ಮಾಡಿಕೊಳ್ಳುತ್ತಿದ್ದರು. ದಾದಿ ತಲೆ ಎತ್ತದೆ, ಆ ಹುಡುಗ ಅವಳ ತಾಯಿಯ ಹಾಲು ಕುಡಿದಿದ್ದಾನೆ, ಅಂದಳು. ಅಲ್ಲಿಗೆ ಮುಗಿಯಿತು. ಯಾರೂ ವಾದಿಸಲಿಲ್ಲ, ಯಾರೂ ಅಳಲಿಲ್ಲ. ಸಕ್ಕರೆ ತಟ್ಟೆ ಒಳಗೆ ಹೋಯಿತು. ಹೆತ್ತವಳು ಹೇಗೋ ಹಾಲು ಕೊಟ್ಟವಳೂ ಹಾಗೇ ತಾಯಿ. ಅವಳ ಹಾಲು ಕುಡಿದ ಮಕ್ಕಳು, ಯಾವ ವರ್ಷ ಕುಡಿದಿರಲಿ, ಯಾವ ಊರಲ್ಲಿ ಕುಡಿದಿರಲಿ, ಅಣ್ಣ ತಂಗಿ. ಅಣ್ಣ ತಂಗಿಗೆ ನಿಕಾಹ್ ಇಲ್ಲ. ಖಾಸಿಂಗೆ ಇದನ್ನು ಯಾವ ಮದರಸಾದಲ್ಲೂ ಕಲಿಸಬೇಕಾಗಿರಲಿಲ್ಲ. ಬೆಂಕಿ ಮುಟ್ಟಬಾರದು ಅನ್ನುವುದು ಹೇಗೆ ಗೊತ್ತೋ ಹಾಗೆ ಗೊತ್ತಿತ್ತು. ಗೊತ್ತಿಲ್ಲದವಳು ದ್ಯಾವಮ್ಮ ಒಬ್ಬಳೇ. ಅವಳ ಜನದಲ್ಲಿ ಈ ಕಟ್ಟಿಲ್ಲ. ತನ್ನ ಹಾಲು ಕುಡಿದ ಎರಡು ಕೂಸುಗಳು ಗಂಡ ಹೆಂಡಿರಾಗುವುದು ಅವಳಿಗೆ ಹಬ್ಬ.

ಸುಳ್ಳಿರಬಹುದು ಅಂದುಕೊಂಡ. ಹೆಂಗಸರ ನೆನಪು, ಒಬ್ಬರದು ಇನ್ನೊಬ್ಬರಿಗೆ ಅಂಟಿರಬಹುದು. ಬಿಂಡಿಗನವಿಲೆಯಲ್ಲಿ ಇನ್ನೊಬ್ಬಳು ಜೈತೂನ್ ಇರಬಹುದು. ಹಾಗೆ ಅಂದುಕೊಳ್ಳುತ್ತಿರುವಾಗಲೇ ಶೋಯಬ್‌ನ ಸೋದರಮಾವ ಬಿಂಡಿಗನವಿಲೆಯ ಕುರಿಗಳ ಬಗ್ಗೆ ಮಂಗ್ನಿಯ ದಿನ, ನಿಶ್ಚಿತಾರ್ಥಕ್ಕೆ ಬಂದಾಗ, ಹೇಳಿದ ಮಾತುಗಳೆಲ್ಲ ಕಿವಿಯಲ್ಲಿ ಕೇಳಿ, ತನಗೆ ತಾನೇ ಹೇಳಿಕೊಂಡ ಸುಳ್ಳು ನಾಲ್ಕು ಹೆಜ್ಜೆಯೂ ನಡೆಯದೆ ಕುಸಿಯಿತು. ಹಾಗಾದರೆ ನಿಲ್ಲಿಸಬೇಕು. ನಿಲ್ಲಿಸುವುದೆಂದರೇನು? ಎರಡು ವರ್ಷದ ಕೆಳಗೆ ಪಾಂಡವಪುರದ ಒಂದು ಮನೆಯವರು ಮಂಗ್ನಿ ಮಾಡಿಕೊಂಡು, ಉಂಗುರ ತೊಡಿಸಿ, ಆಮೇಲೆ ಏನೂ ಕಾರಣ ಹೇಳದೆ ಕೈ ಬಿಟ್ಟಿದ್ದರು. ಕಾರಣ ಹೇಳದಿದ್ದಾಗ ಊರೇ ಕಾರಣ ಹುಡುಕುತ್ತದೆ. ಫರ್ಹತ್ ಆರು ತಿಂಗಳು ಮನೆಯ ಹೊಸಿಲು ದಾಟಲಿಲ್ಲ. ಒಂದು ಮಧ್ಯಾಹ್ನ ಅವಳು ಚಾವಣಿಯ ಫ್ಯಾನನ್ನು ನೋಡುತ್ತಾ ಮಲಗಿದ್ದ ರೀತಿ ಕಂಡು ಖಾಸಿಂ ಏನೂ ಹೇಳದೆ ಆ ಫ್ಯಾನನ್ನೇ ಬಿಚ್ಚಿ ಅಟ್ಟಕ್ಕೆ ಹಾಕಿದ್ದ. ಸೆಕೆ ಅಂತ ಯಾರೂ ಅನ್ನಲಿಲ್ಲ. ಶೋಯಬ್‌ನ ಸಂಬಂಧ ಬಂದ ಮೇಲೆ ಅವಳು ಮತ್ತೆ ತಲೆಗೆ ಎಣ್ಣೆ ಹಚ್ಚಿಕೊಂಡಳು, ಫೋನಿನಲ್ಲಿ ನಕ್ಕಳು, ಅಬ್ಬಾ ಫ್ಯಾನ್ ಹಾಕ್ಸಿ ಸೆಕೆ ಅಂದಳು. ಆ ಮಗಳು ಈಗ ಮೇಲಿನ ಕೋಣೆಯಲ್ಲಿ ಮೆಹಂದಿಯ ಕೈ ಮುಂದೆ ಚಾಚಿಕೊಂಡು ಕೂತಿದ್ದಾಳೆ. ಅವಳ ಹತ್ತಿರ ಹೋಗಿ, ನೀನು ಮದುವೆಯಾಗಲು ಹೊರಟವನು ನಿನ್ನ ಅಣ್ಣ ಕಣಮ್ಮಾ ಎಂದು ಹೇಳುವ ಬಾಯಿ ಯಾವ ಅಪ್ಪನಿಗಿದೆ?

ಮೆಟ್ಟಿಲ ತಿರುವಿನಲ್ಲಿ ಫಕ್ರುನ್ನೀಸಾ ಸಿಕ್ಕಳು, ಬಳೆ ಡಬ್ಬ ಹಿಡಿದು ಕೆಳಗಿಳಿಯುತ್ತಿದ್ದಳು. ಖಾಸಿಂ ಅವಳನ್ನು ಗೋಡೆಯ ಪಕ್ಕಕ್ಕೆ ಎಳೆದು, ದ್ಯಾವಮ್ಮ ಹೀಗೆ ಹೀಗೆ ಹೇಳಿದಳು ಎಂದು ಪಿಸುಗುಟ್ಟಿದ. ಕಿರುಚುತ್ತಾಳೆ, ಕುಸಿಯುತ್ತಾಳೆ ಎಂದು ಅವಳ ತೋಳನ್ನೂ ಹಿಡಿದುಕೊಂಡಿದ್ದ. ಅವಳು ಡಬ್ಬದ ಮುಚ್ಚಳವನ್ನು ಸರಿಯಾಗಿ ಒತ್ತಿದಳು.

"ನಾನು ಅವಳನ್ನ ಕರೀಬೇಡಿ ಅಂದಿದ್ದೆ," ಅಂದಳು.

ಅಂದಿದ್ದಳು, ನಿಜ. ಮದುವೆ ಕಾಗದ ಹಂಚುವಾಗ ಸಂತೆಬಾಚಹಳ್ಳಿಗೆ ಬೇಡ, ದೂರವಾಯಿತು, ಅಂದಿದ್ದಳು. ಖಾಸಿಂ ಆಗ ಸಿಡಿದುಬಿದ್ದಿದ್ದ. ನಿನ್ನ ಮಗಳು ಬದುಕಿರುವುದೇ ಅವಳಿಂದ, ಉಂಡ ಮನೆಯ ಜಂತೆ ಎಣಿಸುವವಳು ನೀನು, ಕೃತಘ್ನೆ, ಎಂದು ನೆಂಟರ ಮುಂದೆಯೇ ಬೈದಿದ್ದ. ಅವಳು ತಿರುಗಿ ಒಂದು ಮಾತೂ ಆಡಿರಲಿಲ್ಲ. ಆ ಮೌನವನ್ನು ಅವನು ತನ್ನ ಗೆಲುವು ಎಂದುಕೊಂಡು ಲಾರಿ ಹತ್ತಿ ಸಂತೆಬಾಚಹಳ್ಳಿಗೆ ಹೋಗಿದ್ದ, ದಾರಿಯುದ್ದಕ್ಕೂ ತನ್ನ ಒಳ್ಳೆಯತನವನ್ನು ತಾನೇ ಮೆಚ್ಚಿಕೊಂಡಿದ್ದ.

"ನಿಂಗೊತ್ತಿತ್ತಾ?"

"ಮಂಗ್ನಿ ಆದ ಮಾರನೇ ದಿನವೇ ಗೊತ್ತಿತ್ತು. ಜೈತೂನ್ ಬೆಹೆನ್ ಮಾತು ಮಾತಲ್ಲಿ ಹೇಳಿದ್ಲು, ನಮ್ಮ ಶೋಯಬ್‌ಗೆ ಊರಲ್ಲೊಬ್ಳು ದ್ಯಾವಕ್ಕ ಹಾಲು ಕೊಟ್ಟಿದ್ಲು, ಸಂತೆಬಾಚಹಳ್ಳಿಗೆ ಕೊಟ್ಟಿದ್ದಾರೆ ಅಂತ. ನಮ್ಮ ಹುಡುಗಿ ವಿಷಯ ಅವಳಿಗೆ ಗೊತ್ತಿಲ್ಲ. ನಾನು ಹೌದಾ ಅಂದೆ, ಚಾ ಕೊಟ್ಟೆ."

"ನಂಗೆ ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನೀವು ಮುರಿದುಬಿಡ್ತಿದ್ರಿ. ನೀವು ದೊಡ್ಡ ಮನುಷ್ಯರು, ಅಲ್ಲಾಗೆ ಹೆದರೋರು. ನಾನು ಫ್ಯಾನ್ ನೋಡಿದೋಳು." ಅವಳು ಡಬ್ಬವನ್ನು ಎದೆಗೆ ಅವಚಿಕೊಂಡಳು. "ಈ ಗುನಾಹ್ ನನ್ನೊಬ್ಬಳ ತಲೆ ಮೇಲಿರ್ಲಿ ಅಂತ ಇದ್ದೆ. ನೀವೇ ಹೋಗಿ ಕರ್ಕೊಂಡು ಬಂದ್ರಿ. ಈಗ ನೀವೂ ಹೊತ್ಕೊಳ್ಳಿ. ಬರಾತ್ ಬರೋದ್ರೊಳಗೆ ಅವಳ ಬಾಯಿ ಮುಚ್ಚಿಸಿ. ಜೈತೂನ್ ಮುಂದೆ ಅವಳು ಒಂದು ಮಾತಾಡಿದ್ರೆ ಮುಗೀತು."

ಬಳೆ ಡಬ್ಬ ಹಿಡಿದು ಅವಳು ಮೇಲಕ್ಕೆ ಹೋದಳು, ಕೆಳಗೆ ಬರುತ್ತಿದ್ದವಳು ಯಾಕೆ ಬರುತ್ತಿದ್ದಳೆಂಬುದೇ ಮರೆತವಳಂತೆ. ಮೂವತ್ತು ವರ್ಷ ಜೊತೆಗೆ ಬಾಳಿದ ಹೆಂಗಸಿನ ಬೆನ್ನನ್ನು ಖಾಸಿಂ ಅಪರಿಚಿತರನ್ನು ನೋಡುವಂತೆ ನೋಡಿದ. ಅವಳ ಮೇಲೆ ಸಿಟ್ಟು ಬರಲಿಲ್ಲ. ಬಂದದ್ದು ಹೊಟ್ಟೆಕಿಚ್ಚು. ಇಷ್ಟು ದಿನ ಇದನ್ನು ಒಳಗಿಟ್ಟುಕೊಂಡು ಉಂಡಳಲ್ಲ, ಮಲಗಿದಳಲ್ಲ, ನಮಾಜು ಮಾಡಿದಳಲ್ಲ! ತನಗೆ ಅಷ್ಟು ದಿನವಲ್ಲ, ಒಂದು ಹೊತ್ತಾದರೂ ಅದು ಆಗುತ್ತದೆಯೇ ಎಂದು ಎದೆ ಮುಟ್ಟಿ ನೋಡಿಕೊಂಡರೆ ಶೇರ್ವಾನಿಯ ಗುಂಡಿ ಕೈಗೆ ಸಿಕ್ಕಿತು. ಬಾಡಿಗೆ ಶೇರ್ವಾನಿ, ಕಂಕುಳಲ್ಲಿ ಬಿಗಿ.

ಕಾಲು ತಾನಾಗಿ ಅವನನ್ನು ಹಜ್ರತರ ಹತ್ತಿರ ಎಳೆದುಕೊಂಡು ಹೋಯಿತು. ನಿಕಾಹ್ ಓದಿಸಲು ಬಂದ ಹಜ್ರತರು ವೇದಿಕೆಯ ಪಕ್ಕ ಕೂತು ಚಹಾ ಊದಿ ಊದಿ ಕುಡಿಯುತ್ತಿದ್ದರು. ಖಾಸಿಂ ಅವರ ಪಕ್ಕ ಕೂತು, ಏನೋ ಹೊತ್ತು ಹೋಗದವನಂತೆ, ನಮ್ಮ ಲಾರಿ ಡ್ರೈವರೊಬ್ಬ ಕೇಳಿದ ಹಜ್ರತ್, ನನಗೆ ತಿಳಿಯಲಿಲ್ಲ, ಎಂದು ಶುರು ಮಾಡಿದ. ಹುಡುಗಿ ಹುಡುಗ ಇಬ್ಬರೂ ಎಳೆಯದರಲ್ಲಿ ಒಬ್ಬಳದೇ ಹಾಲು ಕುಡಿದಿದ್ದಾರಂತೆ. ಹಾಲು ಕೊಟ್ಟವಳು ಹಿಂದೂ ಹೆಂಗಸು. ಬೇರೆ ಬೇರೆ ಕಾಲದಲ್ಲಿ. ಒಬ್ಬಳೇ ಹೇಳುತ್ತಿದ್ದಾಳೆ, ಬೇರೆ ಸಾಕ್ಷಿ ಇಲ್ಲ. ಹೇಳುತ್ತಾ ಹೇಳುತ್ತಾ ಅವನಿಗೆ ತಾನು ಹೇಳುತ್ತಿರುವುದು ಬಹಳ ಹೆಚ್ಚಾಯಿತು ಅನ್ನಿಸಿತು. ಡ್ರೈವರಿಗೆ ಇಷ್ಟೆಲ್ಲ ವಿವರ ಯಾಕೆ?

ಹಜ್ರತರು ಚಹಾದ ಲೋಟ ಕೆಳಗಿಟ್ಟರು. "ಯಾವ ಜಾತಿ ಆದ್ರೇನು, ಹಾಲು ಹಾಲೇ. ಒಂದು ಗುಟುಕು ಇಳಿದ್ರೂ ಸಾಕು, ಅವಳು ತಾಯಿ. ಹೆತ್ತ ತಾಯಿಗೆ ಎಷ್ಟು ಮರ್ಯಾದೆಯೋ ಅವಳಿಗೂ ಅಷ್ಟೇ ಕೊಡ್ಬೇಕು. ಸಾಕ್ಷಿ ಅಂತೀರಾ, ಒಬ್ಬ ಹೆಂಗಸಿನ ಮಾತಿನ ಮೇಲೆ ಕಾಜಿ ತೀರ್ಪು ಕೊಡೋದಿಲ್ಲ, ಅದು ಕಿತಾಬಿನ ಮಾತು. ಆದ್ರೆ ಅದು ನಿಜ ಅಂತ ಅವನ ದಿಲ್‌ಗೆ ಗೊತ್ತಿದ್ರೆ ಕಾಜಿ ಯಾಕೆ ಬೇಕು ಖಾಸಿಂ ಭಾಯಿ? ಮದುವೆ ಆಗಿದೆಯಾ?"

"ಇನ್ನೂ ಇಲ್ಲ."

"ಹಾಗಾದ್ರೆ ಬಚಾವ್. ನಿಲ್ಸೋಕೆ ಹೇಳಿ. ಆದಮೇಲೆ ಬಹಳ ಕಷ್ಟ."

ಹೇಳ್ತೀನಿ, ಅಂದ ಖಾಸಿಂ. ಎದ್ದು ನಿಂತವನಿಗೆ ತಾಯಿ ಅನ್ನುವ ಮಾತು ಮಾತ್ರ ಕಿವಿಯಲ್ಲಿ ಉಳಿದಿತ್ತು. ಇದೇ ಮಾತನ್ನು ಹೊತ್ತುಕೊಂಡು ಹೋಗಿ ದ್ಯಾವಮ್ಮನ ಮುಂದೆ ಇಟ್ಟರೆ ಅವಳು ಎಷ್ಟು ಹಿಗ್ಗುತ್ತಾಳೆ! ನಮ್ಮ ಧರ್ಮದಲ್ಲಿ ನೀನು ಇವರಿಬ್ಬರ ತಾಯಿ ಕಣವ್ವ, ನಿನ್ನ ಕಾಲು ಮುಟ್ಟಬೇಕು ಅವರು. ಹಿಗ್ಗಿದ ಮೇಲೆ? ತಾಯಿಯಾದರೆ ಇವರು ಅಣ್ಣತಂಗಿಯಾದರು ಎಂದು ಅವಳಿಗೂ ತಿಳಿಯುತ್ತದೆ. ತಿಳಿದ ಮೇಲೆ ಅವಳು ಸುಮ್ಮನಿರುವ ಹೆಂಗಸಲ್ಲ. ನಂಜಪ್ಪ ಒಂದು ಸಲ ತೂಕದಲ್ಲಿ ಮೋಸ ಮಾಡಿದಾಗ ಗಂಡನ ಮುಖಕ್ಕೇ ಹೇಳಿ ಗಾಡಿ ವಾಪಸು ಕರೆಸಿದವಳು. ಉಹುಂ, ನಿಜ ಹೇಳುವಂತಿಲ್ಲ. ಏನಾದರೂ ಬೇರೆ ಹೇಳಬೇಕು, ಅವಳೇ ಬಾಯಿ ಕಟ್ಟಿಕೊಳ್ಳುವಂಥದ್ದು. ಸಾಮಾನಿನ ಕೋಣೆ ಸೇರುವ ಹೊತ್ತಿಗೆ ಅಂಥದ್ದು ಅವನಿಗೆ ಹೊಳೆದಿತ್ತು. ಅಷ್ಟು ಬೇಗ ಹೊಳೆದದ್ದಕ್ಕೆ ಆಮೇಲೆ ಎಷ್ಟೋ ದಿನ ಅವನಿಗೆ ತನ್ನ ಮೇಲೆ ಅಸಹ್ಯವಾಗುತ್ತಿತ್ತು.

ದ್ಯಾವಮ್ಮ ಕುರ್ಚಿ ಬಿಟ್ಟು ನೆಲದ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. "ಸುಮ್ಕೆ ಕುಂತ್ಕಳಕ್ಕೆ ಬೇಜಾರು ಕಣಣ್ಣ. ಅಲ್ಲಾ, ಆ ಕಡೆ ನಮ್ಮ ಜನಕ್ಕೆ ಬ್ಯಾರೆ ಅನ್ನ ಸಾರು ಮಾಡ್ಸಿದ್ದೀಯಂತೆ? ನಂಗೆ ಮಾತ್ರ ನಿಮ್ ಬಿರಿಯಾನಿನೇ ಆಕ್ಸು, ಏಳ್ಬುಟ್ಟಿವ್ನಿ. ಬರಾತು ಎಷ್ಟೊತ್ತಿಗೆ ಬತ್ತದೆ? ಆ ಕೂಸಿನ ಮಖ ನೋಡ್ಬೇಕು ಅಂತ ರಾತ್ರಿಯಿಂದ ನಿದ್ದೆನೇ ಇಲ್ಲ. ನನ್ ಚೊಚ್ಚಲು ಇದ್ದಿದ್ರೆ ಅಷ್ಟೇ ಆಗಿರದು."

"ದ್ಯಾವಮ್ಮ, ಒಂದು ಮಾತು," ಅಂದ ಖಾಸಿಂ. ನಿಂತೇ ಇದ್ದ. ಕೂತರೆ ಅವಳ ಮುಖ ನೋಡಬೇಕಾಗುತ್ತಿತ್ತು. "ನೀನು ಆಲು ಕೊಟ್ಟ ಇಸ್ಯ ಅವ್ರ ಕಡೆ ಯಾರ್‌ಗೂ ಏಳ್ಬ್ಯಾಡ. ಉಡುಗಂದೂ ಏಳ್ಬ್ಯಾಡ, ನಮ್ ಫರ್ಹತ್‌ದೂ ಏಳ್ಬ್ಯಾಡ."

"ಯಾಕಣ್ಣ?"

"ಆ ಕಡೆ ದೊಡ್ಡೋರು ಒಂಥರಾ ಜನ. ಬ್ಯಾರೆ ಜಾತಿಯೋಳ ಎದೆ ಆಲು ಅಂದ್ರೆ… ಮೈಲಿಗೆ ಅಂತಾರೆ. ಗೊತ್ತಾದ್ರೆ ನಮ್ ಉಡುಗೀನ ಏಸ್ಕಂಡು ನೋಡ್ತಾರೆ."

ಬೆಳ್ಳುಳ್ಳಿಯ ಸಿಪ್ಪೆ ಅವಳ ಬೆರಳಿಗೆ ಅಂಟಿಕೊಂಡಿತ್ತು. ಅದನ್ನು ಬಿಡಿಸಿಕೊಳ್ಳಲು ನೋಡಿದಳು, ಅದು ಇನ್ನೊಂದು ಬೆರಳಿಗೆ ಅಂಟಿತು.

"ಮೈಲಿಗೆ ಅಂದ್ರಾ?"

"ನಾನಲ್ಲವ್ವ, ಅವ್ರು."

"ಜೈತೂನಿನೂ ಅಂಗಂತಾಳಾ? ಅವಳೇ ಅಲ್ವ ಕರ್ಸಿದ್ದು?"

ಇಲ್ಲಿ ಅವನು ನಿಲ್ಲಿಸಬಹುದಿತ್ತು. ಇಲ್ಲ, ಜೈತೂನ್ ಒಳ್ಳೆಯವಳು, ಅವಳಿಗಾಗಿಯಾದರೂ ಬಾಯಿ ಬಿಡಬೇಡ ಅಂದಿದ್ದರೂ ಕೆಲಸ ಆಗುತ್ತಿತ್ತು. ಆದರೆ ಹಾಗಂದರೆ ಅವಳು ಜೈತೂನಳನ್ನು ಹುಡುಕಿಕೊಂಡು ಹೋಗಿ ಕೈ ಹಿಡಿಯುತ್ತಾಳೆ, ಇಬ್ಬರು ಹೆಂಗಸರು ಕೈ ಹಿಡಿದರೆ ಬಾಯಿ ಸುಮ್ಮನಿರುತ್ತದೆಯೇ? ಖಾಸಿಂ, "ಬಾಯ್ಮಾತಿಗೆ ಕರೆದವ್ಳೆ. ಅವಳೂ ಈಗ ಅವ್ರಂಗೇ ಆಗವ್ಳೆ," ಅಂದ.

ದ್ಯಾವಮ್ಮ ಸುಲಿದ ಬೆಳ್ಳುಳ್ಳಿಯನ್ನೆಲ್ಲ ಒಂದು ಕಡೆ ಗುಡ್ಡೆ ಮಾಡಿದಳು. ಆಮೇಲೆ, ತಪ್ಪು ಮಾಡಿದವಳು ತಾನೇ ಅನ್ನುವ ಹಾಗೆ, "ನಂಗೊತ್ತಾಗ್ನಿಲ್ಲ ಕಣಣ್ಣ. ಅಳ್ಳಿಯೋಳು. ಬಾಯ್ ಬುಡಾಕಿಲ್ಲ ಬುಡು," ಅಂದಳು. "ದೂರ್ದಿಂದ ಒಂದ್ಸಲ ಮಖ ನೋಡ್ಕಂಡು ಓಯ್ತೀನಿ. ಅದೂ ಬ್ಯಾಡ ಅಂದ್ರೆ ಬ್ಯಾಡ."

"ನೋಡವ್ವ. ದೂರ್ದಿಂದ ನೋಡು," ಅಂದ ಖಾಸಿಂ, ಏನೋ ದೊಡ್ಡ ಉಪಕಾರ ಮಾಡಿದವನ ಹಾಗೆ.

ಬರಾತ್ ಬಂತು. ಶ್ರೀರಂಗಪಟ್ಟಣದ ಕಾರುಗಳು ರಸ್ತೆಯುದ್ದಕ್ಕೂ ನಿಂತವು, ಪಟಾಕಿ ಹಾರಿತು, ಅತ್ತರಿನ ವಾಸನೆ ಬಿರಿಯಾನಿಯ ವಾಸನೆಯೊಂದಿಗೆ ಬೆರೆಯಿತು. ಖಾಸಿಂ ಹಾರಗಳನ್ನು ಹಿಡಿದು ಗೇಟಿನಲ್ಲಿ ನಿಂತು ಒಬ್ಬೊಬ್ಬರನ್ನೂ ತಬ್ಬಿಕೊಳ್ಳುತ್ತಿದ್ದ. ತಬ್ಬಿಕೊಂಡ ಪ್ರತಿ ಹೆಗಲ ಮೇಲಿನಿಂದಲೂ ಅವನ ಕಣ್ಣು ನೀರಿನ ಡ್ರಮ್ಮುಗಳ ಪಕ್ಕದ ಕಂಬಕ್ಕೆ ಹೋಗುತ್ತಿತ್ತು. ಅಲ್ಲಿ ದ್ಯಾವಮ್ಮ ನಿಂತಿದ್ದಳು. ಶೋಯಬ್ ಕಾರಿನಿಂದಿಳಿದು, ಬೆವರಿಗೆ ಹೂವಿನ ಸೆಹ್ರಾವನ್ನು ಒಂದು ಗಳಿಗೆ ಮೇಲೆತ್ತಿ ಮುಖ ಒರೆಸಿಕೊಂಡ. ದ್ಯಾವಮ್ಮನ ಮುಖ ಅರಳಿದ್ದನ್ನು ಖಾಸಿಂ ಅಷ್ಟು ದೂರದಿಂದಲೂ ಕಂಡ. ಅವಳು ಮುಂದೆ ಬರಲಿಲ್ಲ, ಮಾತು ಕೊಟ್ಟಿದ್ದಳಲ್ಲ. ಅಷ್ಟರಲ್ಲಿ ಹೆಂಗಸರ ಗುಂಪು ಪಕ್ಕದ ಬಾಗಿಲಿಗೆ ತಿರುಗಿತು. ಮುಂದೆ ಜೈತೂನ್, ಜರಿಯ ದುಪಟ್ಟಾ ಸರಿಮಾಡಿಕೊಳ್ಳುತ್ತಾ, ಆ ಕಂಬವನ್ನೇ ದಾಟಿಕೊಂಡು ಬಂದಳು. ದ್ಯಾವಮ್ಮನ ಕೈ ತಾನಾಗಿ ಅರ್ಧ ಮೇಲೆದ್ದಿತು. ಜೈತೂನಳ ಕಣ್ಣು ಅವಳ ಮೇಲೆ ಬಿತ್ತು, ನರೆತ ತಲೆ, ಬೆಳ್ಳುಳ್ಳಿ ಕೈ, ಹಳೆ ಸೀರೆ ಎಲ್ಲವನ್ನೂ ಒಂದು ಸಲ ಸವರಿ, ಅಡಿಗೆಯ ಆಳೆಂದುಕೊಂಡು ಮುಂದೆ ಹೋಯಿತು. ಇಪ್ಪತ್ತೆಂಟು ವರ್ಷ, ಅವಳಾದರೂ ಏನು ಮಾಡಿಯಾಳು, ಗುರುತು ಹತ್ತಲಿಲ್ಲ. ಆದರೆ ದ್ಯಾವಮ್ಮನಿಗೆ ಖಾಸಿಂ ಹೇಳಿದ ಮಾತಿಗೆ ಅದಕ್ಕಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ. ಎತ್ತಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಅವಳು ಡ್ರಮ್ಮಿನ ಮೇಲಿದ್ದ ಲೋಟವನ್ನು ಎತ್ತಿ ನೀರು ಕುಡಿದಳು. ಮತ್ತೆ ಅವನು ತಿರುಗಿ ನೋಡಿದಾಗ ಕಂಬದ ಹತ್ತಿರ ಯಾರೂ ಇರಲಿಲ್ಲ. ಖಾಸಿಂಗೆ ಹಾಯೆನಿಸಿತು. ಹಾಯೆನಿಸಿದ್ದನ್ನು ಅವನು ಗಮನಿಸಿಕೊಂಡ.

ಒಳಗೆ ಹೋದರೆ ಜೈತೂನ್ ಅವನನ್ನೇ ಹುಡುಕುತ್ತಿದ್ದಳು. "ಭಾಯಿಜಾನ್, ನಮ್ಮೂರ ದ್ಯಾವಕ್ಕ ಅಂತ ಒಬ್ರು ಬರ್ಬೇಕಿತ್ತು, ಸಂತೆಬಾಚಹಳ್ಳಿಯಿಂದ. ಬಂದ್ರಾ? ನಿಕಾಹ್‌ಗೆ ಮುಂಚೆ ಶೋಯಬ್‌ನ ಅವ್ರ ಕಾಲ ಹತ್ರ ಕರ್ಕೊಂಡು ಹೋಗ್ಬೇಕು ಅಂತ ನಂದೊಂದು ಆಸೆ. ಸಾವಿರ ಜನದಲ್ಲಿದ್ರೂ ನಾನು ಅವ್ರನ್ನ ಗುರುತು ಹಿಡೀತೀನಿ." ಖಾಸಿಂ, ಹಾಗೆ ಯಾರೂ ಬಂದಂತಿಲ್ಲ, ಅಂದ. ಮೇಲಿನ ಕೋಣೆಗೆ, ನಿಕಾಹ್‌ಗೆ ಹುಡುಗಿಯ ಪರವಾಗಿ ವಕೀಲನಾಗಿ ನಿಂತ ಭಾವಮೈದ ಮತ್ತು ಇಬ್ಬರು ಸಾಕ್ಷಿಗಳ ಜೊತೆ ಮಗಳ ಒಪ್ಪಿಗೆ ಕೇಳಲು ಹೋದಾಗ, ಕೆಂಪು ದುಪಟ್ಟಾದ ಒಳಗಿಂದ ಫರ್ಹತ್ ಮೊದಲು ಕೇಳಿದ್ದೂ ಅದನ್ನೇ, "ಅಬ್ಬಾ, ದ್ಯಾವಮ್ಮ ಬಂದ್ರಾ?" ಬಂದು ಹೋದ್ರಮ್ಮ, ಆಲೆ ನಡೀತಿದೆಯಂತೆ, ಅರ್ಜೆಂಟಿತ್ತು, ಅಂದ. ಒಬ್ಬಳಿಗೆ ಬಂದಿಲ್ಲ, ಒಬ್ಬಳಿಗೆ ಬಂದು ಹೋದಳು. ಸುಳ್ಳು ಅಷ್ಟು ಸಲೀಸಾಗಿ ಬರುತ್ತಿತ್ತು, ಜೀವಮಾನವೆಲ್ಲ ಅದೇ ಕಸುಬು ಮಾಡಿದವನಂತೆ. ಭಾವಮೈದ ಹುಡುಗನ ಹೆಸರು, ಅಪ್ಪನ ಹೆಸರು, ಮೆಹರ್ ಎಲ್ಲ ಹೇಳಿ ಒಪ್ಪಿಗೆಯೇ ಎಂದ. ಫಕ್ರುನ್ನೀಸಾ ಮಗಳ ಬೆನ್ನ ಮೇಲೆ ಕೈಯಿಟ್ಟು ಗಂಡನ ಮುಖವನ್ನೇ ನೋಡುತ್ತಿದ್ದಳು. ಫರ್ಹತ್‌ಳ ದನಿ ಸಣ್ಣದಾಗಿ, ಸ್ಪಷ್ಟವಾಗಿ ಬಂತು, "ಕಬೂಲ್." ಆ ದನಿಯಲ್ಲಿದ್ದ ಸುಖಕ್ಕೆ ಖಾಸಿಂ ಗೋಡೆ ಹಿಡಿದುಕೊಂಡ.

ಕೆಳಗೆ ಹಜ್ರತರು ತಯಾರಾಗಿ ಕೂತಿದ್ದರು. ಖಾಸಿಂ ಹತ್ತಿರ ಬಂದಾಗ ಅವರು ಮೈಕನ್ನು ಕೈಯಿಂದ ಮುಚ್ಚಿ, ಬಗ್ಗಿ, ಮೆಲ್ಲಗೆ ಕೇಳಿದರು, "ಆ ಡ್ರೈವರಿಗೆ ಹೇಳಿದ್ರಾ?"

"ಹೇಳ್ದೆ."

"ಏನಂದ? ನಿಲ್ಲಿಸ್ತಾನಂತಾ?"

ಹಜ್ರತರ ಕಣ್ಣು ಬಹಳ ಹೊತ್ತು ಅವನ ಮೇಲೆಯೇ ಇತ್ತು, ಅಥವಾ ಹಾಗೆ ಅವನಿಗೆ ಅನ್ನಿಸಿತು. ಜನ ಸುಮ್ಮನಾಗಿದ್ದರು. ಸೆಹ್ರಾದ ಹಿಂದೆ ಶೋಯಬ್ ಯಾವುದಕ್ಕೋ ಕೆಮ್ಮಿದ.

"ಅವನಿಷ್ಟ," ಅಂದ ಖಾಸಿಂ.

ಹಜ್ರತರು ಮೈಕಿನಿಂದ ಕೈ ತೆಗೆದರು. ಎಲ್ಲ ಸುಸೂತ್ರ ನಡೆಯಿತು. ದುವಾ ಆಯಿತು, ಖರ್ಜೂರ ಹಂಚಿದರು, ಶೋಯಬ್ ಬಂದು ಮಾವನನ್ನು ತಬ್ಬಿಕೊಂಡ. ಖಾಸಿಂ ಅವನ ಬೆನ್ನು ತಟ್ಟುತ್ತಾ, ಇವನು ಇಷ್ಟೆತ್ತರ ಬೆಳೆದದ್ದಕ್ಕೆ ಕಾರಣವಾದವಳು ಉಣ್ಣದೆ ಹೋಗಿದ್ದಾಳೆ, ಅಂದುಕೊಂಡ. ಆ ಯೋಚನೆ ಬಂದದ್ದೇ ತಡ ಅವನಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಪಂಕ್ತಿಗೆ ಜನ ಕೂರುತ್ತಿದ್ದರು, ಯಾರೋ ಕರೆಯುತ್ತಿದ್ದರು. ಅವನು ಓಣಿಯಿಂದ ಹೊರಬಿದ್ದು ಬಾಡಿಗೆ ಶೇರ್ವಾನಿಯಲ್ಲೇ, ಅಂಗಡಿಯವರೆಲ್ಲ ತಿರುಗಿ ನೋಡುವಂತೆ, ಬಸ್‌ಸ್ಟ್ಯಾಂಡಿಗೆ ಓಡಿದ. ಹೇಳಿಬಿಡುತ್ತೇನೆ, ಆಗಿದ್ದಾಯಿತು, ಇನ್ನು ಹೇಳಿದರೇನು, ಎಂದು ದಾರಿಯುದ್ದಕ್ಕೂ ಅಂದುಕೊಂಡ. ಇನ್ನೂ ಕೈಮೀರಿಲ್ಲ, ಹುಡುಗಿ ಗಂಡನ ಮನೆಗೆ ಹೋಗಿಲ್ಲ, ಮಹಲಿನಲ್ಲೇ ಇದ್ದಾಳೆ ಎಂದೂ ಅಂದುಕೊಂಡ.

ಸಂತೆಬಾಚಹಳ್ಳಿಯ ಬಸ್ಸು ಹೊರಡಲು ನಿಂತಿತ್ತು. ದ್ಯಾವಮ್ಮ ಕಿಟಕಿಯ ಪಕ್ಕ ಕೂತಿದ್ದಳು. ಅವನನ್ನು ಕಂಡು ಅವಳ ಮುಖದಲ್ಲಿ ನಗು ಬಂತು, ಅಭ್ಯಾಸದ ನಗು.

"ಇದೇನಣ್ಣ, ಮದ್ವೆ ಬುಟ್ಟು ಬಂದ್ಬುಟ್ಟಿದ್ದೀಯೆ? ಆಯ್ತಾ?"

"ಆಯ್ತು. ನೀನು ಉಣ್ದೇ ಬಂದ್ಬುಟ್ಟೆ."

"ಅಸಿವಿರ್ನಿಲ್ಲ." ಅವಳು ಸರಳಿನಾಚೆಗೆ ಇಣುಕಿ, ಮೆಲ್ಲಗೆ, ಪಕ್ಕದವರಿಗೆ ಕೇಳದಂತೆ ಹೇಳಿದಳು. "ಚೆಂದಾಗವ್ನೆ ಕಣಣ್ಣ ಉಡುಗ. ಇಬ್ರೂ ತಣ್ಗಿರ್ಲಿ. ಒಂದ್ ಕೇಳ್ತೀನಿ, ಬೇಜಾರ್ ಮಾಡ್ಕಬ್ಯಾಡ. ಅವ್ರು ದೊಡ್ಡೋರು, ಏನಾರ ಅಂದ್ಕಳ್ಲಿ. ನೀನು ಏಳು. ಅವತ್ತು ಬಾಗಿಲಲ್ಲಿ ನಿಂತಿದ್ದೆಯಲ್ಲ, ನಿನ್ ಮಗಳು ನನ್ನೆದೆ ಕಚ್ಕಂಡು ಕುಡೀವಾಗ. ನಿಂಗೂ ಅಂಗೇ ಅನ್ನುಸ್ತಿತ್ತಾ? ಮೈಲಿಗೆ ಅಂತ?"

ಖಾಸಿಂ ಸರಳನ್ನು ಹಿಡಿದುಕೊಂಡ.

"ಇಲ್ಲ ಅನ್ನು ಸಾಕು," ಅಂದಳು ದ್ಯಾವಮ್ಮ. ಅವಳ ದನಿ ಗಟ್ಟಿಯಾಗತೊಡಗಿತ್ತು. "ಇಲ್ಲ ಅಂತ ಒಂದ್ ಮಾತಂದ್ರೆ ಈಗ್ಲೇ ಇಳೀತೀನಿ. ನಿನ್ ಜೊತೇಲೇ ಬಂದು ಆ ಜೈತೂನಿ ಎದ್ರುಗೆ ನಿಂತ್ಕತೀನಿ. ನಿನ್ ಮಗ್ನಿಗೂ ನಾನೇ ಕೊಟ್ಟೆ, ನಿನ್ ಸೊಸೇಗೂ ನಾನೇ ಕೊಟ್ಟೆ, ಈಗ ಏಳಮ್ಮಿ, ಯಾವುದು ಮೈಲಿಗೆ ಅಂತ ಕೇಳ್ತೀನಿ. ಕೇಳ್ದೆ ಓದ್ರೆ ನಂಗೆ ಅನ್ನ ಇಳಿಯಾಕಿಲ್ಲ ಕಣಣ್ಣ."

ಕಂಡಕ್ಟರು ಸೀಟಿ ಊದಿದ. ಬಸ್ಸು ಒಮ್ಮೆ ಅಲುಗಿ ಗುರುಗುಟ್ಟಿತು. ದ್ಯಾವಮ್ಮ ಸೀಟಿನಿಂದ ಅರ್ಧ ಎದ್ದಿದ್ದಳು, ಕಣ್ಣು ಅವನ ಬಾಯಿಯ ಮೇಲಿತ್ತು.

"ಊಂ ಕಣವ್ವ," ಅಂದ ಖಾಸಿಂ. "ನಂಗೂ ಅನ್ನುಸ್ತಿತ್ತು."

ಅವಳು ಮೆಲ್ಲಗೆ ಕೂತಳು. ಬಸ್ಸು ತಿರುಗುವಾಗ ಇನ್ನೊಮ್ಮೆ ಅವನ ಕಡೆ ನೋಡಿ, ತುಂಬಿದ ಬಸ್ಸಿನಲ್ಲಿ ಯಾರೋ ಮೈ ನೋಡುತ್ತಿದ್ದಾರೆ ಅನ್ನುವ ಹಾಗೆ, ಸೆರಗನ್ನು ಎದೆಯ ಮೇಲೆ ಎಳೆದುಕೊಂಡಳು.